ಆರಿದ್ರಾ ಮಳೆಯನ್ನರಿಯದ ಜೇನು ಕೈಪಿಡಿ

ಮಲೆನಾಡಿನ ಹಳ್ಳಿಗಳಲ್ಲಿ ಅಡಿಕೆ ತೋಟದ ಅಂಚಿನಲ್ಲೋ ಕೊಟ್ಟಿಗೆಯ ಮಾಡಿನ ಕೆಳಗೋ ಖಾಲಿ ಬಿದ್ದಿರುವ ಜೇನುಪೆಟ್ಟಿಗೆಗಳನ್ನು ಕಾಣದವರು ವಿರಳ. ಕೆಲವಕ್ಕೆ ಗೆದ್ದಲು ಹಿಡಿದಿದೆ. ಇನ್ನು ಕೆಲವು ಮೊಳೆ, ಹಗ್ಗ ತುಂಬಿಡುವ ಡಬ್ಬಿಗಳಾಗಿವೆ. ಯುಗಾದಿಯ ಹೊತ್ತಿಗೆ ತುಂಬಿ ಗುಂಯ್ಗುಡುತ್ತಿದ್ದ ಕುಟುಂಬ ನವರಾತ್ರಿಯ ವೇಳೆಗೆ ಇಲ್ಲವಾಗಿರುತ್ತದೆ. ಕೇಳಿದರೆ ಮನೆಯವರು ‘ಜೇನು ನಮಗೆ ಕೂಡಿಬರಲಿಲ್ಲ’ ಎಂದು ಮಾತು ಮುಗಿಸುತ್ತಾರೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ತಪ್ಪು ಜೇನಿನದೂ ಅಲ್ಲ, ಸಾಕಿದವರ ಅದೃಷ್ಟದ್ದೂ ಅಲ್ಲ. ಅವರ ಕೈಗೆ ಸಿಕ್ಕ ಕೈಪಿಡಿಯದು.

ಹೊಸದಾಗಿ ಜೇನು ಸಾಕಲು ಹೊರಟವರು ಯಾವ ಪುಸ್ತಕ ಓದಬೇಕು ಎಂಬುದು ಸಣ್ಣ ಪ್ರಶ್ನೆಯಂತೆ ತೋರಬಹುದು. ಅದು ಸಣ್ಣದಲ್ಲ. ತರಕಾರಿ ಬೆಳೆಯುವ ಕೈಪಿಡಿ ತಪ್ಪಾದರೆ ಒಂದು ಮಡಿ ಬದನೆ ಹೋದೀತು. ಜೇನಿನ ಕೈಪಿಡಿ ತಪ್ಪಾದರೆ ಕಾಡಿನ ಒಂದು ಕುಟುಂಬವೇ ಹೋಗುತ್ತದೆ. ಏಕೆಂದರೆ ಮಲೆನಾಡಿನ ಪೆಟ್ಟಿಗೆಗಳಿಗೆ ತುಂಬುವ ತುಡುವೆ ಜೇನು ಹೆಚ್ಚಾಗಿ ಬರುವುದು ಮರದ ಪೊಟರೆಯಿಂದ, ಹುತ್ತದಿಂದ, ಕಲ್ಲಿನ ಬಿರುಕಿನಿಂದ. ಹಿಡಿದು ತಂದ ಕುಟುಂಬ ನಾಶವಾದರೆ ಹೊಸಬರು ಮರುವರ್ಷ ಮತ್ತೆ ಕಾಡಿಗೆ ಕೈ ಹಾಕುತ್ತಾರೆ. ಹೀಗೆ ಕೆಟ್ಟ ಪುಸ್ತಕವೊಂದು ಸದ್ದಿಲ್ಲದೆ ಕಾಡನ್ನು ಬರಿದು ಮಾಡುತ್ತದೆ. ಆ ನಷ್ಟವನ್ನು ಯಾವ ಇಲಾಖೆಯ ಪ್ರಗತಿ ವರದಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪುಸ್ತಕ ಯಾವ ನೊಣದ್ದು?

ಕೈಪಿಡಿಯನ್ನು ಕೈಗೆತ್ತಿಕೊಂಡವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಪೇಟೆಯ ಅಂಗಡಿಗಳಲ್ಲಿ ಸಿಗುವ ಅಂದದ ಇಂಗ್ಲಿಷ್ ಪುಸ್ತಕಗಳೂ, ಅವುಗಳಿಂದ ಎತ್ತಿ ಕನ್ನಡಕ್ಕಿಳಿಸಿದ ಅನೇಕ ಕಿರುಹೊತ್ತಿಗೆಗಳೂ ಮಾತನಾಡುವುದು ಯುರೋಪಿನ ಮೆಲ್ಲಿಫೆರಾ ಜೇನಿನ ಕುರಿತು. ಆಧುನಿಕ ಜೇನುಸಾಕಣೆಗೆ ಅಡಿಪಾಯ ಹಾಕಿದ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ತಮ್ಮ ಗ್ರಂಥವನ್ನು 1853ರಲ್ಲಿ ಪ್ರಕಟಿಸಿದ್ದು ಆ ನೊಣವನ್ನು ನೋಡಿಯೇ. ಆ ಪರಂಪರೆಯ ಗ್ರಂಥಗಳು ತಮ್ಮ ನೆಲದಲ್ಲಿ ಶ್ರೇಷ್ಠವೆಂಬುದು ನಿರ್ವಿವಾದ. ಆದರೆ ತುಡುವೆ ಬೇರೆಯೇ ಪ್ರಭೇದ. ಅದರ ಮೈ ಚಿಕ್ಕದು, ಎರಿಯ ಕೋಶ ಚಿಕ್ಕದು, ಎರಿಗಳ ನಡುವಿನ ಅಂತರವೂ ಕಿರಿದು. ಮೆಲ್ಲಿಫೆರಾಕ್ಕೆ ಅಚ್ಚು ಹಾಕಿದ ಮೇಣದ ಹಾಳೆ ಅದಕ್ಕೆ ಸಲ್ಲದು. ಈ ಸತ್ಯವನ್ನು ಮನಗಂಡೇ ತಿರುಚಿರಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ ಕಳೆದ ಶತಮಾನದ ಎರಡನೆಯ ದಶಕದಲ್ಲಿ ದಕ್ಷಿಣದ ಸಣ್ಣ ಜೇನಿಗೆ ಹೊಂದುವ ಪೆಟ್ಟಿಗೆಯನ್ನು ರೂಪಿಸಿದರು. ನೂರು ವರ್ಷಗಳ ಹಿಂದೆ ಒಬ್ಬ ಪಾದ್ರಿಗೆ ತಿಳಿದದ್ದು ಇಂದಿನ ಕೈಪಿಡಿಕಾರರಿಗೆ ತಿಳಿಯದಿರುವುದು ಎಂಥ ವಿಪರ್ಯಾಸ!

ಮೆಲ್ಲಿಫೆರಾ ಕುಟುಂಬವನ್ನು ವಾರಕ್ಕೊಮ್ಮೆ ತೆರೆದು ಪ್ರತಿ ಚೌಕಟ್ಟನ್ನೂ ಪರೀಕ್ಷಿಸಿರಿ ಎಂದು ಆ ಪುಸ್ತಕಗಳು ಬೋಧಿಸುತ್ತವೆ. ತುಡುವೆಯನ್ನು ಹಾಗೆ ಪದೇ ಪದೇ ಕೆದಕಿದರೆ ಅದು ಗೂಡು ಬಿಟ್ಟು ಪರಾರಿಯಾಗುತ್ತದೆ. ಮೆಲ್ಲಿಫೆರಾವನ್ನು ಕಾಡುವ ವರೋವಾ ನುಸಿಗೆ ಔಷಧದ ಪಟ್ಟಿ ತೂಗುಹಾಕುವ ವಿಧಾನಕ್ಕೆ ಅಲ್ಲಿ ಪುಟಗಟ್ಟಲೆ ಜಾಗ. ಆ ನುಸಿಯ ಮೂಲ ಆಶ್ರಯವೇ ತುಡುವೆಯ ಪ್ರಭೇದ. ಅದು ನುಸಿಯನ್ನು ಮೈಯಿಂದ ಕಿತ್ತೆಸೆಯುವುದನ್ನು ಎಂದೋ ಕಲಿತಿದೆ. ಅದಕ್ಕೆ ವಿಷದ ಪಟ್ಟಿ ಕಟ್ಟುವುದು ಆರೋಗ್ಯವಂತನಿಗೆ ಕಹಿ ಔಷಧ ಕುಡಿಸಿದಂತೆ.

ಪುಸ್ತಕದ ಕಷ್ಟಕಾಲ ಯಾವುದು?

ಎರಡನೆಯ ಪ್ರಶ್ನೆ ಇನ್ನೂ ಮುಖ್ಯವಾದುದು. ಶೀತದೇಶದ ಕೈಪಿಡಿಗೆ ಕಷ್ಟಕಾಲವೆಂದರೆ ಚಳಿಗಾಲ. ಹಿಮದಿಂದ ಗೂಡನ್ನು ಕಾಪಾಡುವುದು ಹೇಗೆಂದು ಅದು ವಿವರವಾಗಿ ಹೇಳುತ್ತದೆ. ಮಲೆನಾಡಿನ ಜೇನಿಗೆ ಚಳಿಗಾಲ ಕಷ್ಟವಲ್ಲ. ಅದರ ಯಮಗಂಡವೆಂದರೆ ಮಳೆಗಾಲ. ಮೃಗಶಿರದಿಂದ ಆಶ್ಲೇಷದವರೆಗೆ ಹೊರಗೆ ಹಾರಲು ಬಿಸಿಲಿಲ್ಲ, ಹಾರಿದರೂ ಮಕರಂದವಿಲ್ಲ. ಅರಳಿದ ಹೂವನ್ನು ಮಳೆ ತೊಳೆದುಬಿಡುತ್ತದೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಊರಿನಲ್ಲಿ ಈ ಮೂರು ತಿಂಗಳನ್ನು ದಾಟಿಸುವುದೇ ಜೇನುಸಾಕಣೆಯ ಸಾರ. ಬೇಸಗೆಯಲ್ಲಿ ಜೇನು ತೆಗೆಯುವುದು ಯಾರಿಗಾದರೂ ಬರುತ್ತದೆ.

ಆದ್ದರಿಂದ ಕೈಪಿಡಿಯಲ್ಲಿ ಮಳೆಗಾಲದ ಅಧ್ಯಾಯವಿದೆಯೇ ಎಂದು ಹೊಸಬರು ಹುಡುಕಲಿ. ಬೇಸಗೆಯ ಕೊನೆಯ ಕೊಯ್ಲಿನಲ್ಲಿ ಸಂಸಾರ ಕೋಣೆಯ ಜೇನನ್ನು ಮುಟ್ಟಬಾರದೆಂದು ಅದು ಹೇಳಬೇಕು. ನೊಣಗಳು ಆವರಿಸಲಾರದ ಹೆಚ್ಚುವರಿ ಎರಿಗಳನ್ನು ಮಳೆ ಹಿಡಿಯುವ ಮುನ್ನವೇ ಹೊರತೆಗೆಯಬೇಕೆಂದು, ಇಲ್ಲವಾದರೆ ಅಲ್ಲಿ ಮೇಣದ ಚಿಟ್ಟೆ ಮೊಟ್ಟೆಯಿಡುತ್ತದೆಂದು ಎಚ್ಚರಿಸಬೇಕು. ಅಡಿಮಣೆಯ ಕಸ ಗುಡಿಸುವುದು, ಪೆಟ್ಟಿಗೆಯನ್ನು ತುಸು ಮುಂದಕ್ಕೆ ವಾಲಿಸಿ ನೀರು ಒಳಗೆ ನಿಲ್ಲದಂತೆ ಮಾಡುವುದು, ಕಾಲುಗಳಿಗೆ ನೀರಿನ ಬಟ್ಟಲಿಟ್ಟು ಇರುವೆ ತಡೆಯುವುದು ಇವೆಲ್ಲ ಅದರಲ್ಲಿರಬೇಕು. ಕುಟುಂಬ ಹಸಿದಾಗ ಸಕ್ಕರೆ ಪಾಕ ಕೊಡುವುದು ತಪ್ಪಲ್ಲ. ಅದು ಗಂಜಿ ಕೇಂದ್ರವಿದ್ದಂತೆ. ಆದರೆ ಮೇ ತಿಂಗಳಲ್ಲಿ ಗೂಡನ್ನು ಒರೆಸಿದಂತೆ ಜೇನು ತೆಗೆದು, ಜೂನಿನಿಂದ ಸಕ್ಕರೆ ಸುರಿಯಿರಿ ಎಂದು ಹೇಳುವ ಪುಸ್ತಕ ಜೇನುಸಾಕಣೆಯ ಪುಸ್ತಕವಲ್ಲ, ಜೇನುಸುಲಿಗೆಯ ಪುಸ್ತಕ.

ಹೂವಿನ ಪಂಚಾಂಗವೂ ಹೀಗೆಯೇ. ಕ್ಲೋವರ್, ಸೇಬುಗಳ ಪಟ್ಟಿ ಹಿಡಿದು ಮಲೆನಾಡಿನವರು ಏನು ಮಾಡಬೇಕು? ಕಾಫಿ ಅರಳುವ ಕೆಲವೇ ದಿನಗಳು, ಬೇಸಗೆಯ ನೇರಳೆ, ಅಂಟುವಾಳ, ಸೀಗೆ, ಪರಾಗಕ್ಕೆ ಅಡಿಕೆ ಮತ್ತು ತೆಂಗು: ಇವುಗಳ ಹೆಸರಿಲ್ಲದ ಕೈಪಿಡಿ ಈ ನೆಲದ್ದಲ್ಲ. ಒಳ್ಳೆಯ ಪುಸ್ತಕ ಪಟ್ಟಿ ಕೊಟ್ಟು ಸುಮ್ಮನಾಗುವುದಿಲ್ಲ. ಓದುಗರು ತಮ್ಮ ಊರಿನ ಪಟ್ಟಿಯನ್ನು ತಾವೇ ಬರೆದುಕೊಳ್ಳುವಂತೆ ಮಾಡುತ್ತದೆ.

ರೋಗದ ಬಗ್ಗೆ ಪುಸ್ತಕ ಏನನ್ನುತ್ತದೆ?

1991–92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ದಕ್ಷಿಣ ಭಾರತಕ್ಕೆ ಕಾಲಿಟ್ಟಾಗ ತುಡುವೆ ಕುಟುಂಬಗಳಲ್ಲಿ ಬಹುಪಾಲು ನಾಶವಾದವು. ಕೊಡಗು, ದಕ್ಷಿಣ ಕನ್ನಡ, ಉತ್ತರ ಕನ್ನಡಗಳ ಹಿರಿಯರು ಅದನ್ನು ಇಂದಿಗೂ ಮರೆತಿಲ್ಲ. ಮರಿಹುಳುಗಳು ಕೋಶದಲ್ಲಿಯೇ ನೀರು ತುಂಬಿದ ಚೀಲದಂತಾಗಿ ಸಾಯುವ ಈ ರೋಗಕ್ಕೆ ಔಷಧವಿಲ್ಲ. ಅಂದು ಜೇನು ಉಳಿದದ್ದು ಔಷಧದಿಂದಲ್ಲ. ರೋಗವನ್ನು ತಾಳಿಕೊಂಡ ಕೆಲವು ಕುಟುಂಬಗಳು ಕಾಡಿನಲ್ಲಿಯೂ ಪೆಟ್ಟಿಗೆಗಳಲ್ಲಿಯೂ ಉಳಿದು ಮತ್ತೆ ಪಾಲಾಗುತ್ತ ಬೆಳೆದುದರಿಂದ. ಹೀಗಿರುವಾಗ ಮರಿ ಸತ್ತರೆ ಆ್ಯಂಟಿಬಯಾಟಿಕ್ ಬೆರೆಸಿದ ಪಾಕ ಕೊಡಿ ಎನ್ನುವ ಪುಸ್ತಕಕ್ಕೆ ಏನೆನ್ನಬೇಕು? ಬ್ಯಾಕ್ಟೀರಿಯಾಕ್ಕೆ ಹೇಳಿದ ಮದ್ದು ವೈರಸ್ಸಿಗೆ ನಾಟುವುದಿಲ್ಲ. ಅದು ಜೇನಿನಲ್ಲಿ ಉಳಿಯುತ್ತದೆ, ಅಷ್ಟೆ. ರೋಗದ ಗೂಡಿನ ಎರಿಯನ್ನು ಇನ್ನೊಂದಕ್ಕೆ ಕೊಡಬೇಡಿ, ರೋಗವಿರುವ ಊರಿನಿಂದ ಕುಟುಂಬ ತರಬೇಡಿ, ತಾಳಿಕೊಂಡ ಕುಟುಂಬದಿಂದಲೇ ಸಂತಾನ ಬೆಳೆಸಿರಿ ಎಂಬ ಮೂರು ಮಾತುಗಳಿದ್ದರೆ ಆ ಪುಸ್ತಕ ಕೊಳ್ಳಲು ಯೋಗ್ಯ.

ಕೀಟನಾಶಕದ ವಿಷಯದಲ್ಲಿ ಮೌನವಾಗಿರುವ ಕೈಪಿಡಿಯನ್ನೂ ದೂರವಿಡಬೇಕು. ಇಮಿಡಾಕ್ಲೋಪ್ರಿಡ್ ಸೇರಿದಂತೆ ಮೂರು ನಿಯೋನಿಕೋಟಿನಾಯ್ಡ್‌ಗಳನ್ನು ಬಯಲಿನಲ್ಲಿ ಬಳಸುವುದನ್ನು ಯುರೋಪಿಯನ್ ಒಕ್ಕೂಟ 2018ರಲ್ಲಿ ನಿಷೇಧಿಸಿದ್ದು ಜೇನಿನ ಸಲುವಾಗಿಯೇ. ಪಕ್ಕದ ತೋಟಕ್ಕೆ ಏನು ಸಿಂಪಡಿಸುತ್ತಾರೆ ಎಂದು ಕೇಳದೆ ಪೆಟ್ಟಿಗೆ ಇಡಿಸುವ ಪುಸ್ತಕ ಹೊಸಬರಿಗೆ ಅರ್ಧ ಸತ್ಯವನ್ನು ಮಾತ್ರ ಮಾರುತ್ತದೆ.

ಲೆಕ್ಕದ ಮೋಸ

ಕೇಂದ್ರ ಸರ್ಕಾರ 2020ರಲ್ಲಿ 500 ಕೋಟಿ ರೂಪಾಯಿಗಳ ಜೇನು ಮಿಷನ್ ಘೋಷಿಸಿದಾಗ ‘ಸಿಹಿ ಕ್ರಾಂತಿ’ಯ ಮಾತು ಊರೂರಿಗೂ ಬಂತು. ಸಹಾಯಧನ ಕೆಟ್ಟದ್ದಲ್ಲ. ಆದರೆ ಹಂಚಿದ ಪೆಟ್ಟಿಗೆಗಳನ್ನು ಎಣಿಸಿ, ಮರುವರ್ಷ ಉಳಿದ ಕುಟುಂಬಗಳನ್ನು ಎಣಿಸದ ಕ್ರಾಂತಿ ಯಾರಿಗೆ ಸಿಹಿ? ಹತ್ತು ಪೆಟ್ಟಿಗೆಯಿಂದ ಇಷ್ಟು ಸಾವಿರ ಆದಾಯ ಎಂಬ ಕೋಷ್ಟಕವನ್ನು ಮೊದಲ ಪುಟದಲ್ಲಿಯೇ ಅಚ್ಚು ಹಾಕಿದ ಕಿರುಹೊತ್ತಿಗೆಯನ್ನು ಹೊಸಬರು ಅಲ್ಲಿಯೇ ಮಡಚಿಡುವುದು ಲೇಸು. ತುಡುವೆಯ ಒಂದು ಕುಟುಂಬ ಒಳ್ಳೆಯ ವರ್ಷದಲ್ಲಿ ಕೆಲವು ಕಿಲೋ ಜೇನು ಕೊಡುತ್ತದೆ, ಕೆಟ್ಟ ವರ್ಷದಲ್ಲಿ ಏನೂ ಕೊಡುವುದಿಲ್ಲ. ಅದರ ನಿಜವಾದ ದುಡಿಮೆ ಏಲಕ್ಕಿಯಲ್ಲಿ, ಪರಕೀಯ ಪರಾಗಸ್ಪರ್ಶವಿಲ್ಲದೆ ಕಾಯಿಕಟ್ಟದ ರೊಬಸ್ಟಾ ಕಾಫಿಯಲ್ಲಿ, ಕಾಡಿನ ಲೆಕ್ಕವಿಲ್ಲದ ಮರಗಳಲ್ಲಿದೆ. ಈ ಮಾತನ್ನು ಹೇಳುವ ಧೈರ್ಯ ಕೈಪಿಡಿಗೆ ಇರಬೇಕು.

ಜೇನುಸಾಕಣೆಯನ್ನು ಪುಸ್ತಕದಿಂದ ಕಲಿಯಲಾಗದು, ಅನುಭವಿಯ ಜೊತೆಯಲ್ಲಿಯೇ ಕಲಿಯಬೇಕು ಎಂಬ ಆಕ್ಷೇಪ ಬರಬಹುದು. ಅದು ಮುಕ್ಕಾಲು ಪಾಲು ಸತ್ಯ. ಆದರೆ ಅನುಭವಿಗಳೆಲ್ಲರೂ ಹೊಸಬರ ಅಂಗಳದಲ್ಲಿ ಆರಿದ್ರಾ ಮಳೆಯ ರಾತ್ರಿ ಇರುವುದಿಲ್ಲ. ಆಗ ಜೊತೆಗಿರುವುದು ಪುಸ್ತಕವೇ. ಒಳ್ಳೆಯ ಕೈಪಿಡಿ ಮೊದಲ ಪುಟದಲ್ಲಿಯೇ, ‘ಪೆಟ್ಟಿಗೆ ಕೊಳ್ಳುವ ಮುನ್ನ ಹತ್ತಿರದ ಜೇನುಗಾರರ ಮನೆಗೆ ಒಂದು ವರ್ಷ ಹೋಗಿ ಬನ್ನಿ’ ಎನ್ನುತ್ತದೆ.

ಆದುದರಿಂದ ಬೇಡಿಕೆ ಸ್ಪಷ್ಟ. ಇಲಾಖೆಗಳು ಪೆಟ್ಟಿಗೆಯೊಡನೆ ಕೊಡುವ ಪುಸ್ತಕವನ್ನು ಪ್ರದೇಶವಾರು ಬರೆಸಲಿ. ಶಿರಸಿ, ಸುಳ್ಯ, ಮಡಿಕೇರಿ, ತೀರ್ಥಹಳ್ಳಿಗಳ ಜೇನುಗಾರರನ್ನು ಕೂರಿಸಿಕೊಂಡು ಬರೆಸಲಿ. ಪೆಟ್ಟಿಗೆಯನ್ನು ಚೈತ್ರದಲ್ಲಲ್ಲ, ಮಳೆ ಹಿಂದೆಗೆದು ಕುಟುಂಬಗಳು ಬೆಳೆಯತೊಡಗಿದ ಮೇಲೆ ಹಂಚಲಿ. ಹೊಸಬರು ಪುಸ್ತಕ ಕೊಳ್ಳುವ ಮುನ್ನ ನಾಲ್ಕು ಸಂಗತಿಗಳನ್ನು ನೋಡಲಿ: ಯಾವ ನೊಣ, ಯಾವ ಮಳೆ, ಯಾವ ಹೂ, ಯಾವ ರೋಗ. ಈ ನಾಲ್ಕಕ್ಕೆ ಉತ್ತರವಿಲ್ಲದ ಪುಸ್ತಕ ಎಷ್ಟೇ ಬಣ್ಣದ್ದಾಗಿರಲಿ, ಅದನ್ನು ಅಂಗಡಿಯಲ್ಲಿಯೇ ಬಿಡುವುದು ಕ್ಷೇಮ. ಪೊಟರೆಯ ಜೇನು ಪೊಟರೆಯಲ್ಲಿಯಾದರೂ ಬದುಕಿರುತ್ತದೆ.