ಅರ್ಧ ಗಂಟೆಯ ಲೆಕ್ಕ ಯಾರ ಬಳಿಯಿದೆ?

ಸಿಸೇರಿಯನ್ ಹೆರಿಗೆ ಮಿತಿಮೀರಿದೆ ಎಂಬ ಗೊಣಗಾಟ ಮದುವೆ ಮನೆಗಳಲ್ಲೂ ಕೇಳಿಬರುತ್ತದೆ. ಅದರಲ್ಲಿ ಸತ್ಯವಿದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇ. 47 ಸಿಸೇರಿಯನ್, ಸರಕಾರಿ ಆಸ್ಪತ್ರೆಗಳಲ್ಲಿ ಶೇ. 14. ಯಾವ ಕಟ್ಟಡದಲ್ಲಿ ಮಲಗಿದ್ದೇನೆಂದು ಗರ್ಭಕೋಶಕ್ಕೆ ತಿಳಿಯುತ್ತದೆಯೇ? ಆದರೆ ಈ ಗದ್ದಲದಲ್ಲಿ ಇನ್ನೊಂದು ಪ್ರಶ್ನೆ ಮುಚ್ಚಿಹೋಗಿದೆ. ನಿಜಕ್ಕೂ ಶಸ್ತ್ರಕ್ರಿಯೆ ಬೇಕಾದವಳಿಗೆ ಅದು ಎಷ್ಟು ಹೊತ್ತಿಗೆ ಸಿಕ್ಕಿತು?

ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿದರೆ, ಮಾಸು ಒಳಗೇ ಕಳಚಿಕೊಂಡರೆ, ಹಳೆಯ ಹೊಲಿಗೆಯ ಜಾಗದಲ್ಲಿ ಗರ್ಭಕೋಶ ಬಿರಿದರೆ ಮಗುವಿಗೆ ಆಮ್ಲಜನಕ ಕಡಿದುಹೋಗುತ್ತದೆ. ಆಗ ಉಳಿಯುವುದು ನಿಮಿಷಗಳು ಮಾತ್ರ. ಬ್ರಿಟನ್ನಿನ ಮಾರ್ಗಸೂಚಿಯಂತೆ ಪ್ರಾಣಾಪಾಯವಿದ್ದಾಗ ನಿರ್ಧಾರದ 30 ನಿಮಿಷದೊಳಗೆ, ಅದಕ್ಕಿಂತ ಕಡಿಮೆ ತುರ್ತಿದ್ದರೆ 75 ನಿಮಿಷದೊಳಗೆ ಹೆರಿಗೆಯಾಗಬೇಕು. ಅಲ್ಲಿಯೂ ಇದು ಸದಾ ಸಾಧ್ಯವಾಗುವುದಿಲ್ಲ. ಆದರೆ ಆಸ್ಪತ್ರೆಯ ಕೆಲಸವನ್ನು ಅಳೆಯುವ ಕೋಲು ಅದು.

ನಮ್ಮಲ್ಲಿ ಕೋಲೂ ಇಲ್ಲ, ಅಳೆಯುವವರೂ ಇಲ್ಲ. ತಾಲೂಕು ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆ ಇದ್ದರೆ ಅರಿವಳಿಕೆ ತಜ್ಞರಿಲ್ಲ. ಇಬ್ಬರೂ ಇದ್ದ ದಿನ ರಕ್ತವಿಲ್ಲ. ಬೋರ್ಡಿನಲ್ಲಿ ಮಾತ್ರ '24 ಗಂಟೆ ಸೇವೆ'. ರಾತ್ರಿಯಾದರೆ ಜಿಲ್ಲಾಸ್ಪತ್ರೆಗೆ ಚೀಟಿ. ಆ್ಯಂಬುಲೆನ್ಸ್ ಚಕ್ರ ಉರುಳುವಾಗಲೇ ಅರ್ಧ ಗಂಟೆ ಮುಗಿದಿರುತ್ತದೆ. 2011ರ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಸರಕಾರಿ ಆಸ್ಪತ್ರೆಗಳಲ್ಲಿ ಸಿಸೇರಿಯನ್, ರಕ್ತ, ವಾಹನ ಎಲ್ಲವನ್ನೂ ಉಚಿತಗೊಳಿಸಿತು. ಒಳ್ಳೆಯದೇ. ಆದರೆ ಉಚಿತವಾದದ್ದೆಲ್ಲ ಸಕಾಲದಲ್ಲಿ ಸಿಗುವುದಿಲ್ಲ.

ಆಸ್ಪತ್ರೆಯನ್ನು ದೂರುವಾಗ ನಮ್ಮ ಮನೆಗಳನ್ನು ಬಿಟ್ಟುಬಿಡುವುದು ಪ್ರಾಮಾಣಿಕತೆಯಲ್ಲ. ಗಂಡ ಸೌದಿಯಲ್ಲೋ ದುಬೈಯಲ್ಲೋ ಇರುತ್ತಾನೆ. ಅವನ ಫೋನ್ ಸಿಗಲಿ, ಮಾವ ಬರಲಿ, ಅತ್ತೆ ಒಪ್ಪಲಿ ಎಂದು ಕಾಯುತ್ತೇವೆ. ನೋವು ತಿನ್ನುತ್ತಿರುವವಳನ್ನು ಯಾರೂ ಕೇಳುವುದಿಲ್ಲ! ಗಂಡಸಿನ ಸಹಿಯಿಲ್ಲದೆ ಕಡತ ಸರಿಸದ ಆಸ್ಪತ್ರೆಗಳೂ ಇದಕ್ಕೆ ಜೊತೆ. 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ವಯಸ್ಕ ರೋಗಿ ತನ್ನ ದೇಹದ ಬಗ್ಗೆ ತಾನೇ ಒಪ್ಪಿಗೆ ಕೊಡಬೇಕು, ಅವಳು ಅರಿವಳಿಕೆಯಲ್ಲಿದ್ದಾಗ ತಾಯಿಯಿಂದ ಪಡೆದ ಒಪ್ಪಿಗೆ ಸಲ್ಲದು ಎಂದಿತು. ಜೀವ ಉಳಿಸುವ ತುರ್ತಿದ್ದರೆ ವೈದ್ಯರು ಅದಕ್ಕೂ ಕಾಯಬೇಕಿಲ್ಲ. ಹಾಗಿರುವಾಗ ಗಂಡನ ಸಹಿ ಎಲ್ಲಿಂದ ಬಂತು?

ಕೇಳುವುದು ದೊಡ್ಡದೇನಲ್ಲ. ಶಸ್ತ್ರಕ್ರಿಯೆ ನಿರ್ಧಾರವಾದ ಸಮಯ, ಮಗು ಹೊರಬಂದ ಸಮಯ, ಇವೆರಡನ್ನು ಪ್ರತಿ ಆಸ್ಪತ್ರೆಯೂ ಬರೆದಿಟ್ಟು ತಿಂಗಳಿಗೊಮ್ಮೆ ಹೊರಗೋಡೆಗೆ ಅಂಟಿಸಲಿ. ಹಗಲಿನದು ಬೇರೆ, ರಾತ್ರಿಯದು ಬೇರೆ. ಮುಂದಿನ ಸಲ ಹೆರಿಗೆ ವಾರ್ಡಿನ ರಿಬ್ಬನ್ ಕತ್ತರಿಸಲು ಶಾಸಕರು ಬಂದಾಗ, ರಾತ್ರಿ ಎರಡು ಗಂಟೆಗೆ ಅರಿವಳಿಕೆ ವೈದ್ಯರು ಎಲ್ಲಿರುತ್ತಾರೆಂದು ಯಾರಾದರೂ ಎದ್ದುನಿಂತು ಕೇಳಲಿ.