ಗಣಿಯೊಳಗಿನ ದನಿ ಮನೆಯವರಿಗೂ ಕೇಳಲಿ

ಮಕ್ತಲ್, ನಾರಾಯಣಪೇಟೆ ಕಡೆಯ ಕನ್ನಡ ಮನೆಗಳಿಗೆ ಹಟ್ಟಿ ಚಿನ್ನದ ಗಣಿ ದೂರದ್ದೇನಲ್ಲ. ಕೃಷ್ಣೆ ದಾಟಿದರೆ ರಾಯಚೂರು, ಮುಂದೆ ಲಿಂಗಸುಗೂರು ತಾಲ್ಲೂಕು. ಹೀಗಾಗಿ ನಾವೂ ಕೇಳಬೇಕಾದ ಪ್ರಶ್ನೆಯೊಂದಿದೆ: ನೆಲದಡಿ ಇಳಿದವರ ಜೊತೆ ಮೇಲಿನವರು ಮಾತಾಡುವುದು ಹೇಗೆ?

ಹಳೆಯ ಪದ್ಧತಿ ಗಂಟೆಯದು. ಒಂದು ಬಾರಿಸಿದರೆ ತೊಟ್ಟಿಲು ಮೇಲೆತ್ತು, ಎರಡಾದರೆ ಇಳಿಸು, ಮೂರಾದರೆ ಜನ ಹತ್ತುತ್ತಿದ್ದಾರೆ. ಆಮೇಲೆ ತಂತಿ ಫೋನ್ ಬಂತು. ಮೊಬೈಲ್ ಇದೆಯಲ್ಲಾ ಅನ್ನಬೇಡಿ, ಬಂಡೆಯೊಳಗೆ ಅದರ ಆಟ ನಡೆಯುವುದಿಲ್ಲ. ಅದಕ್ಕೇ ಸುರಂಗದುದ್ದಕ್ಕೂ ರೇಡಿಯೋ ಅಲೆ ಸೋರಿಸುವ ವಿಶೇಷ ಕೇಬಲ್ ಎಳೆಯುತ್ತಾರೆ. ಆದರೆ ಕುಸಿತವಾದರೆ ಆ ಕೇಬಲ್ಲೂ ತುಂಡಾಗಬಹುದು.

2006ರ ಜನವರಿಯಲ್ಲಿ ಅಮೆರಿಕದ ಸಾಗೋ ಕಲ್ಲಿದ್ದಲು ಗಣಿಯಲ್ಲಿ ಸ್ಫೋಟವಾಗಿ 12 ಮಂದಿ ಸತ್ತರು, ಒಬ್ಬನಷ್ಟೇ ಉಳಿದ. ಆದರೆ ಒಳಗಿನ ಸಂದೇಶ ಬಾಯಿಂದ ಬಾಯಿಗೆ ಕೆಟ್ಟು, ಹನ್ನೆರಡು ಜನ ಬದುಕಿದ್ದಾರೆಂದು ಮನೆಯವರಿಗೆ ಮುಟ್ಟಿತು. ಕುಣಿದು ಸಂಭ್ರಮಿಸಿದವರಿಗೆ ನಿಜ ತಿಳಿದದ್ದು ಗಂಟೆಗಟ್ಟಲೆ ತಡವಾಗಿ. ಅದೇ ವರ್ಷ ಅಲ್ಲಿ ಕಾನೂನು ಬಂದು, ನಿಸ್ತಂತು ಸಂಪರ್ಕ ಕಡ್ಡಾಯವಾಯಿತು.

2023ರ ನವೆಂಬರಿನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದಾಗ 41 ಕಾರ್ಮಿಕರ ಜೀವ ಹಿಡಿದದ್ದು ನಾಲ್ಕು ಇಂಚಿನ ಪೈಪು. ಮೊದಲ ದಿನಗಳಲ್ಲಿ ಗಾಳಿ, ತಿನಿಸು, ಮಾತು ಎಲ್ಲಾ ಅದರಲ್ಲೇ. ಹದಿನೇಳನೇ ದಿನ ಎಲ್ಲರೂ ಜೀವಂತ ಹೊರಬಂದರು. 2025ರ ಫೆಬ್ರವರಿ 22ರಂದು ನಮ್ಮ ತೆಲಂಗಾಣದ್ದೇ ನಾಗರಕರ್ನೂಲ್ ಜಿಲ್ಲೆಯ ಎಸ್‌ಎಲ್‌ಬಿಸಿ ಸುರಂಗದಲ್ಲಿ ಎಂಟು ಮಂದಿ ಸಿಕ್ಕಿಬಿದ್ದರು. ಅವರ ದನಿ ಮತ್ತೆ ಕೇಳಲೇ ಇಲ್ಲ. ಮಾತಿನ ದಾರಿ ಇದ್ದಿದ್ದರೆ ಬದುಕುತ್ತಿದ್ದರು ಎನ್ನಲಾಗದು. ಆದರೆ ಎಲ್ಲಿ ಹುಡುಕಬೇಕೆಂಬುದಾದರೂ ಗೊತ್ತಾಗಬೇಕಲ್ಲ?

ಆದ್ದರಿಂದ ಯಾವ ಗಣಿಯೇ ಇರಲಿ, ಸುರಂಗವೇ ಇರಲಿ, ಒಂದೇ ತಂತಿಯನ್ನು ನಂಬಬಾರದು. ಎರಡು ಬೇರೆ ಬೇರೆ ದಾರಿಯಲ್ಲಿ ಸಂಪರ್ಕವಿರಲಿ. ನೆಲವನ್ನೇ ಹಾದುಬರುವ ಕಡಿಮೆ ಆವರ್ತನದ ಉಪಕರಣ ಆಸರೆ ಕೋಣೆಗಳಲ್ಲಿರಲಿ. ಫೋನ್ ಸರಿಯಿದೆಯೇ ಎಂದು ಪ್ರತಿ ಪಾಳಿಯಲ್ಲೂ ನೋಡಲಿ. ಇನ್ನೊಂದು ಮಾತು, ಅವಘಡವಾದರೆ ಗೇಟಿನ ಬಳಿ ನಿಂತ ಮನೆಯವರಿಗೆ ಖಚಿತ ಸುದ್ದಿಯನ್ನಷ್ಟೇ, ಅವರ ಭಾಷೆಯಲ್ಲೇ, ಒಬ್ಬ ಜವಾಬ್ದಾರಿ ಅಧಿಕಾರಿ ಹೊತ್ತುಹೊತ್ತಿಗೆ ಹೇಳಲಿ. ಕನ್ನಡದವರಿಗೆ ಕನ್ನಡದಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ.

ತೆಗೆದ ಚಿನ್ನವನ್ನು ಗ್ರಾಂ ಲೆಕ್ಕದಲ್ಲಿ ತೂಗುತ್ತಾರೆ. ಇಳಿದ ಮನುಷ್ಯ ಎಲ್ಲಿದ್ದಾನೆ, ಹೇಗಿದ್ದಾನೆ ಎಂಬ ಲೆಕ್ಕವೂ ಅಷ್ಟೇ ಕರಾರುವಾಕ್ಕಾಗಿ ಇರಬೇಡವೇ?