ಖಳ‘ನಾಯಿ’ಕರ ಕಥೆ

ಈ ವಾರ ಬಂದ ಕಾಗದಗಳ ಕಟ್ಟಿನಲ್ಲಿ ಒಂದು ವಿಚಿತ್ರ ಕಾಗದ. ಬರೆದವರು ದಾವಣಗೆರೆ ಕಡೆಯ ತರುಣ ಚಿತ್ರರಸಿಕರು, ಹೆಸರು ಬೇಡ ಬಿಡಿ. ಯಾವ ನಟಿಗೆ ಯಾವಾಗ ಮದುವೆ ಅಂತ ಕೇಳಿಲ್ಲ, ಯಾವ ಚಿತ್ರ ಎಷ್ಟು ವಾರ ಓಡಿತು ಅಂತಲೂ ಕೇಳಿಲ್ಲ. ‘ಸಾರ್, ಒಂದು ನಾಯಿ ತರಬೇಕು ಅಂತಿದ್ದೀನಿ. ನೋಡಿದ ತಕ್ಷಣ ಬೀದಿಯೇ ನಡುಗಬೇಕು. ವಿಲನ್ ಬಂಗಲೆ ಗೇಟಿನ ಹತ್ರ ಕಟ್ಟಿರ್ತಾರಲ್ಲ, ಅದು ಯಾವ ಜಾತಿ? ಡಾಬರ್‌ಮನ್ನೋ, ರಾಟ್‌ವೀಲರೋ, ಪಿಟ್‌ಬುಲ್ಲೋ? ಯಾವುದು ಜಾಸ್ತಿ ಡೇಂಜರು?’ ಇಷ್ಟೇ ಪ್ರಶ್ನೆ.

ನಾಯಿ ವಿಷಯ ಕೇಳೋದಕ್ಕೆ ಸಿನಿಮಾ ಪತ್ರಿಕೆಯೇ ಬೇಕಿತ್ತೇ ಅಂತ ಕಚೇರಿಯಲ್ಲಿ ಎಲ್ಲರೂ ನಕ್ಕರು. ನಾನು ನಗಲಿಲ್ಲ. ಸರಿಯಾದ ವಿಳಾಸಕ್ಕೇ ಬಂದಿದೆ ಸ್ವಾಮಿ ಈ ಕಾಗದ! ಯಾವ ನಾಯಿಯನ್ನು ಮುದ್ದು ಮಾಡಬೇಕು, ಯಾವ ನಾಯಿಯನ್ನು ಕಂಡರೆ ಓಡಬೇಕು ಅಂತ ನಮ್ಮಲ್ಲಿ ಅರ್ಧ ಜನಕ್ಕೆ ಪಾಠ ಹೇಳಿದ್ದು ಬೆಳ್ಳಿತೆರೆಯೇ ಅಲ್ಲವೇ?

ವಜ್ರಮುನಿಯವರನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಆ ಕಣ್ಣು, ಆ ಗಂಟಲು, ಆ ನಗು... ತೆರೆಯ ಮೇಲೆ ಅವರು ಬಂದರೆ ಹೆಂಗಸರು ಕೂತಲ್ಲೇ ಶಾಪ ಹಾಕುತ್ತಿದ್ದರು. ಹತ್ತಿರದಿಂದ ಬಲ್ಲವರು ಮಾತ್ರ ಬಲು ಮೃದು ಮನುಷ್ಯ ಅನ್ನುತ್ತಿದ್ದರು. ಟೈಗರ್ ಪ್ರಭಾಕರ್ ಅವರನ್ನು ನೋಡಿ. ಹೀರೋ ಕೈಯಲ್ಲಿ ಒದೆ ತಿಂದು ತಿಂದು ಕೊನೆಗೆ ತಾವೇ ಹೀರೋ ಆದರು, ಜನ ಶಿಳ್ಳೆ ಹಾಕಿದರು. ನಟನಿಗೂ ಪಾತ್ರಕ್ಕೂ ವ್ಯತ್ಯಾಸ ಇದೆ ಅಂತ ಗಾಂಧಿ ಕ್ಲಾಸಿನ ಪ್ರೇಕ್ಷಕನಿಗೂ ಗೊತ್ತು. ನಾಯಿಗೆ ಮಾತ್ರ ಆ ರಿಯಾಯಿತಿ ನಾವು ಕೊಡೋದಿಲ್ಲ. ತೆರೆಯ ಮೇಲೆ ಕಚ್ಚಿತೇ, ಮುಗಿಯಿತು, ಅದರ ವಂಶಕ್ಕೇ ಕೆಟ್ಟ ಹೆಸರು.

‘ಕ್ಯೂಜೋ’ ಅಂತ ಒಂದು ಇಂಗ್ಲಿಷ್ ಚಿತ್ರ, 1983ರದ್ದು. ಸ್ಟೀಫನ್ ಕಿಂಗ್ ಕಾದಂಬರಿ. ಹುಚ್ಚು ಹಿಡಿದ ಒಂದು ಸೇಂಟ್ ಬರ್ನಾರ್ಡ್ ನಾಯಿ, ಕೆಟ್ಟು ನಿಂತ ಕಾರಿನೊಳಗೆ ಸಿಕ್ಕಿಕೊಂಡ ತಾಯಿ ಮತ್ತು ಮಗು. ನೋಡಿದವರಿಗೆ ಬೆವರು ಇಳಿಯುತ್ತೆ. ಅದರ ಶೂಟಿಂಗ್ ಸಮಾಚಾರ ಕೇಳಿದರೆ ಮಾತ್ರ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತೆ. ನಾಯಿಗಳಿಗೆ ಆ ಕೆಲಸ ಎಷ್ಟು ಖುಷಿ ಅಂದರೆ, ಕಾರಿನ ಮೇಲೆ ಎರಗುವಾಗಲೂ ಬಾಲ ಅಲ್ಲಾಡಿಸುತ್ತಲೇ ಇದ್ದುವಂತೆ! ಕ್ಯಾಮೆರಾದಲ್ಲಿ ಬಾಲ ಕಂಡರೆ ಖಳನ ಮಾನ ಹೋಯಿತಲ್ಲ? ಬಾಲವನ್ನೇ ಕಾಲಿಗೆ ಕಟ್ಟಿ ಶಾಟ್ ತೆಗೆದರು. ಬಾಯಿಂದ ಸುರಿಯುವ ಆ ಭಯಂಕರ ನೊರೆ ಮೊಟ್ಟೆಯ ಬಿಳಿ ಮತ್ತು ಸಕ್ಕರೆ. ನಾಯಿಗಳು ಅದನ್ನು ನೆಕ್ಕಿ ನೆಕ್ಕಿ ಖಾಲಿ ಮಾಡುತ್ತಿದ್ದುವು. ಕೆಲವು ಶಾಟುಗಳಲ್ಲಿ ಯಂತ್ರದ ತಲೆ, ಕೆಲವದರಲ್ಲಿ ನಾಯಿವೇಷ ಹಾಕಿದ ಮನುಷ್ಯ. ನಮ್ಮ ಫೈಟರುಗಳು ಹೊಡೆದ ಹಾಗೆ ಮಾಡಿ, ‘ಡಿಶುಂ’ ಅನ್ನೋ ಸದ್ದನ್ನು ಆಮೇಲೆ ಸೇರಿಸೋದಿಲ್ಲವೇ, ಅದೇ ವಿದ್ಯೆ.

ಈ ಖಳನ ಪಾತ್ರ ಒಂದೇ ಜಾತಿಯ ಹತ್ತಿರ ನಿಂತಿಲ್ಲ ಅನ್ನೋದು ಇನ್ನೂ ಸ್ವಾರಸ್ಯ. ಸಿನಿಮಾ ಹುಟ್ಟುವ ಮೊದಲೇ ಅಮೆರಿಕದ ನಾಟಕ ಕಂಪನಿಗಳು ‘ಅಂಕಲ್ ಟಾಮ್ಸ್ ಕ್ಯಾಬಿನ್’ ಆಡುವಾಗ, ಓಡಿಹೋಗುವ ಗುಲಾಮ ಹೆಣ್ಣಿನ ಹಿಂದೆ ‘ಬ್ಲಡ್‌ಹೌಂಡ್’ ಎಂದು ಹೇಳಿ ನಾಯಿಗಳನ್ನು ಬಿಡುತ್ತಿದ್ದುವು. ನಮ್ಮ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ಕ್ಕೆ ಆನೆ, ಕುದುರೆಗಳನ್ನೇ ರಂಗಕ್ಕೆ ತಂದಿತಲ್ಲ, ಹಾಗೆ. ಆದರೆ ಅವರು ತಂದದ್ದು ಬಹಳ ಸಲ ಗ್ರೇಟ್ ಡೇನೋ, ಮ್ಯಾಸ್ಟಿಫೋ ಆಗಿರುತ್ತಿತ್ತು. ಅಸಲಿ ಬ್ಲಡ್‌ಹೌಂಡು ಜೋಲು ಮುಖದ ಸಾಧು. ನಾಟಕಕ್ಕೆ ಬಂದದ್ದು ಯಾರೋ, ಕೆಟ್ಟ ಹೆಸರು ಯಾರಿಗೋ!

ಆಮೇಲೆ ಪಾತ್ರ ಅಲ್ಸೇಷನ್‌ಗೆ ಬಂತು. ಅದು ಜರ್ಮನ್ ಶೆಫರ್ಡ್. ಮೊದಲ ಮಹಾಯುದ್ಧದ ಹೊತ್ತಿಗೆ ಜರ್ಮನಿ ಅಂದರೆ ಉರಿಯುತ್ತಿದ್ದ ಬ್ರಿಟಿಷರು ಅದಕ್ಕೆ ಅಲ್ಸೇಷನ್ ಅಂತ ಬೇರೆ ಹೆಸರನ್ನೇ ಇಟ್ಟುಬಿಟ್ಟರು. ನಮ್ಮ ಬಾಯಿಗೂ ಅದೇ ಬಂತು. 1918ರಲ್ಲಿ ಲೀ ಡಂಕನ್ ಅನ್ನೋ ಅಮೆರಿಕನ್ ಸೈನಿಕನಿಗೆ ಫ್ರಾನ್ಸಿನಲ್ಲಿ ಬಾಂಬು ಬಿದ್ದ ನಾಯಿಮನೆಯೊಂದರಲ್ಲಿ ಮರಿಗಳು ಸಿಕ್ಕವು. ಅದರಲ್ಲೊಂದು ‘ರಿನ್ ಟಿನ್ ಟಿನ್’. ವಾರ್ನರ್ ಬ್ರದರ್ಸ್ ಕಂಪನಿಯ ಸ್ಟಾರು! ಅದರ ಪೋಸ್ಟರು ನೋಡಿ ಅಮೆರಿಕದಲ್ಲಿ ಜನ ಟಿಕೆಟ್ಟಿಗೆ ಕ್ಯೂ ನಿಂತರು. ಅದೇ ನಾಯಿ ಇನ್ನೂ ಬದುಕಿದ್ದಾಗಲೇ, 1929ರಲ್ಲಿ, ಆಸ್ಟ್ರೇಲಿಯಾ ಸರ್ಕಾರ ಅದೇ ಜಾತಿಯ ಆಮದನ್ನು ನಿಲ್ಲಿಸಿತು. ಕಾಡುನಾಯಿ ಡಿಂಗೋ ಜೊತೆ ಸೇರಿ ಕುರಿಗಳನ್ನು ನಾಶ ಮಾಡುತ್ತವೆ ಅಂತ ಕುರಿ ಸಾಕುವವರ ಭಯ. ಆ ತಡೆ ಪೂರ್ತಿ ತೆರವಾಗಿದ್ದು 1970ರ ದಶಕದಲ್ಲಿ. ಒಂದು ದೇಶದಲ್ಲಿ ಹೀರೋ, ಇನ್ನೊಂದರಲ್ಲಿ ಗಡೀಪಾರು. ನಾಯಿ ಮಾತ್ರ ಅದೇ.

1972ರಲ್ಲಿ ‘ದಿ ಡಾಬರ್‌ಮನ್ ಗ್ಯಾಂಗ್’ ಬಂತು. ಆರು ಡಾಬರ್‌ಮನ್‌ಗಳು ಸೇರಿ ಬ್ಯಾಂಕು ದೋಚುತ್ತವೆ. ಒಂದೊಂದಕ್ಕೂ ಅಮೆರಿಕದ ಹೆಸರಾಂತ ದರೋಡೆಕೋರರ ಹೆಸರು! 1976ರಲ್ಲಿ ‘ದಿ ಓಮೆನ್’, ಗ್ರೆಗರಿ ಪೆಕ್ ಮೇಲೆ ಸ್ಮಶಾನದಲ್ಲಿ ರಾಟ್‌ವೀಲರ್‌ಗಳು ನುಗ್ಗುತ್ತವೆ. ಅಲ್ಲಿಂದ ರಾಟ್‌ವೀಲರ್ ಸೈತಾನನ ಬಂಟ. ಜರ್ಮನಿಯ ರಾಟ್‌ವೈಲ್ ಊರಿನ ಕಸಾಯಿಗಳ ದನ ಹೊಡೆದುಕೊಂಡು, ಗಾಡಿ ಎಳೆದುಕೊಂಡು ಇದ್ದ ದುಡಿಮೆಗಾರ ನಾಯಿ ಅದು. ಇನ್ನು ಪಿಟ್‌ಬುಲ್. 1920–30ರ ದಶಕಗಳ ‘ಅವರ್ ಗ್ಯಾಂಗ್’ ಮಕ್ಕಳ ಚಿತ್ರಗಳಲ್ಲಿ ಕಣ್ಣಿನ ಸುತ್ತ ವೃತ್ತ ಇರೋ ನಾಯಿಯೊಂದು ಹುಡುಗರ ಜೊತೆ ಕುಣಿಯುತ್ತಿತ್ತು. ಅದು ಇದೇ ಕುಲದ್ದು. 1987ರಲ್ಲಿ ‘ಸ್ಪೋರ್ಟ್ಸ್ ಇಲಸ್ಟ್ರೇಟೆಡ್’ ಪತ್ರಿಕೆ ಹಲ್ಲು ಕಿರಿದ ಪಿಟ್‌ಬುಲ್ಲನ್ನು ಮುಖಪುಟಕ್ಕೆ ಹಾಕಿ ಎಚ್ಚರಿಕೆ ಕೊಟ್ಟಿತು. ಮಕ್ಕಳ ಗೆಳೆಯ ರಾಕ್ಷಸ ಆದ.

ಡಾಬರ್‌ಮನ್ ಬಗ್ಗೆ ನಮ್ಮೂರುಗಳಲ್ಲಿ ಹೇಳುವ ಒಂದು ಕಥೆ ನೀವೂ ಕೇಳಿರ್ತೀರಿ. ವಯಸ್ಸಾಗ್ತಾ ಅದರ ಮಿದುಳು ಬುರುಡೆಗಿಂತ ದೊಡ್ಡದಾಗಿ, ಹುಚ್ಚು ಹಿಡಿದು ಯಜಮಾನನನ್ನೇ ಕಚ್ಚುತ್ತದಂತೆ! ಶುದ್ಧ ಬುರುಡೆ ಅದು. ಬೆಳೆದ ನಾಯಿಯ ಮಿದುಳು ಹಾಗೆಲ್ಲ ಉಬ್ಬುವುದಿಲ್ಲ. ಪಿಟ್‌ಬುಲ್ ಕಚ್ಚಿದರೆ ದವಡೆ ‘ಲಾಕ್’ ಆಗುತ್ತೆ ಅನ್ನೋದೂ ಅಷ್ಟೇ, ಅಂಥ ಬೀಗ ಯಾವ ನಾಯಿಯ ದವಡೆಯಲ್ಲೂ ಇಲ್ಲ. ಡಾಬರ್‌ಮನ್‌ನ ಆ ಚೂಪು ಕಿವಿಯೂ ಮೇಕಪ್ಪೇ. ಹುಟ್ಟಿದಾಗ ಅದರ ಕಿವಿ ಜೋಲು ಕಿವಿ. ಕತ್ತರಿಸಿ, ಪಟ್ಟಿ ಕಟ್ಟಿ ನಿಲ್ಲಿಸುತ್ತಾರೆ. ಖಳನಟನಿಗೆ ಹುಬ್ಬು ದಪ್ಪ ಬರೆದ ಹಾಗೆ.

ಸರ್ಕಾರಗಳೂ ಪಟ್ಟಿ ಮಾಡುತ್ತವೆ. ಬ್ರಿಟನ್ 1991ರ ಕಾನೂನಿನಲ್ಲಿ ನಾಲ್ಕು ಜಾತಿಗಳನ್ನು ಹೆಸರಿಸಿತು. ನಮ್ಮ ಕೇಂದ್ರ ಸರ್ಕಾರದ ಪಶುಸಂಗೋಪನಾ ಇಲಾಖೆ 2024ರ ಮಾರ್ಚ್ 12ರಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. 23 ಬಗೆಯ ನಾಯಿಗಳು ‘ಉಗ್ರ’, ಇವುಗಳ ಆಮದು, ಮಾರಾಟ, ಸಂತಾನ ಎಲ್ಲ ನಿಲ್ಲಿಸಿ ಅಂತ. ಪಿಟ್‌ಬುಲ್, ರಾಟ್‌ವೀಲರ್ ಇದ್ದುವು. ಹೆಸರು ಹೇಳುವಾಗ ನಾಲಿಗೆ ಹೊರಳದ, ನಮ್ಮ ನಾಡಿನಲ್ಲಿ ಯಾರೂ ಕಣ್ಣಿಂದ ಕಾಣದ ಟೋರ್ನ್ಯಾಕು, ಶಾರ್ಪ್ಲಾನಿನಾಕು ಕೂಡ ಇದ್ದುವು! ವಿಲನ್ ಬಂಗಲೆಯ ಖಾಯಂ ನಟ ಡಾಬರ್‌ಮನ್ ಮಾತ್ರ ಇರಲಿಲ್ಲ. ಅವನ ಕಾಲ ಮುಗಿದಿತ್ತು ಅಂತ ಕಾಣುತ್ತೆ. ನಮ್ಮ ಕರ್ನಾಟಕ ಹೈಕೋರ್ಟು ಏಪ್ರಿಲ್ 10ರಂದು ಆ ಸುತ್ತೋಲೆಯನ್ನು ರದ್ದು ಮಾಡಿತು. ಸಂಬಂಧಪಟ್ಟವರನ್ನು ಕೇಳಲಿಲ್ಲ, ಬೇಕಾದರೆ ಕೇಳಿ ನಿಯಮದ ಪ್ರಕಾರ ಮಾಡಿ ಅಂತ.

ಹಾಗಾದರೆ ವಿಜ್ಞಾನಿಗಳು ಏನಂತಾರೆ? 2008ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು ಮೂವತ್ತಕ್ಕೂ ಹೆಚ್ಚು ಜಾತಿಗಳ ನಾಯಿಗಳ ಯಜಮಾನರನ್ನು ಕೇಳಿ ಲೆಕ್ಕ ಹಾಕಿದರು. ಮನುಷ್ಯರ ಮೇಲೆ ಎಗರುವುದರಲ್ಲಿ ಮೊದಲ ಸಾಲು ಯಾರದ್ದು ಗೊತ್ತೇ? ಡ್ಯಾಶ್‌ಹುಂಡು, ಚಿವಾವಾ! ಚೀಲದಲ್ಲಿ ಇಟ್ಟುಕೊಂಡು ಹೋಗಬಹುದಾದ ಕುಳ್ಳಪ್ಪಂದಿರು. ಪಿಟ್‌ಬುಲ್ಲು ಬೇರೆ ನಾಯಿಗಳ ಮೇಲೆ ಜಗಳಕ್ಕೆ ಹೋಗುವುದರಲ್ಲಿ ಮುಂದಿತ್ತು, ಅದನ್ನೂ ಹೇಳಬೇಕು. 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ದೊಡ್ಡ ಲೆಕ್ಕ ಬಂತು. 18,385 ನಾಯಿಗಳ ಸ್ವಭಾವದ ಮಾಹಿತಿ, ಅದರಲ್ಲಿ 2,155 ನಾಯಿಗಳ ವಂಶವಾಹಿ ಪರೀಕ್ಷೆ. ಒಂದು ನಾಯಿಗೂ ಇನ್ನೊಂದಕ್ಕೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ಜಾತಿಯ ಪಾಲು ನೂರಕ್ಕೆ ಒಂಬತ್ತರಷ್ಟು. ಎಷ್ಟು ಬೇಗ ಕೆರಳುತ್ತೆ ಅನ್ನೋದಂತೂ ಜಾತಿ ನೋಡಿ ಹೇಳೋಕ್ಕೆ ಆಗೋದೇ ಇಲ್ಲ ಅನ್ನೋ ಹಾಗಿದೆ.

ಇಷ್ಟು ಹೇಳಿ ರಾಟ್‌ವೀಲರನ್ನು ಬೆಕ್ಕಿನ ಮರಿ ಅಂತ ನಾನು ಹೇಳ್ತಿಲ್ಲ, ತಪ್ಪು ತಿಳೀಬೇಡಿ. ಚಿವಾವಾ ಕಚ್ಚಿದರೆ ಡೆಟಾಲು ಹಚ್ಚಿ ನಗುತ್ತಾರೆ. ಐವತ್ತು ಕೆಜಿ ನಾಯಿ ಕಚ್ಚಿದರೆ ಆಸ್ಪತ್ರೆ. ಅಮೆರಿಕದಲ್ಲಿ 1979ರಿಂದ 1998ರವರೆಗೆ ನಾಯಿ ಕಡಿದು ಸತ್ತವರ ಲೆಕ್ಕದಲ್ಲಿ 238 ಸಾವುಗಳಿದ್ದುವು. ಅರ್ಧಕ್ಕಿಂತ ಹೆಚ್ಚಿನದರಲ್ಲಿ ಪಿಟ್‌ಬುಲ್ ಮಾದರಿ ಮತ್ತು ರಾಟ್‌ವೀಲರ್. ಇದನ್ನು ಮುಚ್ಚಿಟ್ಟು ನಾಯಿಪ್ರೇಮ ಮಾತಾಡೋದು ನನಗೆ ಹಿಡಿಸೋದಿಲ್ಲ. ಆದರೆ ಅದೇ ದೇಶದ ಡೆನ್ವರ್ ಊರಿನಲ್ಲಿ ಕಚ್ಚಿದ ನಾಯಿಗಳನ್ನೂ ಕಚ್ಚದ ನಾಯಿಗಳನ್ನೂ ಹೋಲಿಸಿ ನೋಡಿದ ಲೆಕ್ಕ 1994ರಲ್ಲಿ ಪ್ರಕಟವಾಯಿತು. (ಅಲ್ಲಿ ಪಿಟ್‌ಬುಲ್ ಆಗಲೇ ನಿಷೇಧ, ಹಾಗಾಗಿ ಲೆಕ್ಕಕ್ಕೆ ಸಿಗುವಂತಿರಲಿಲ್ಲ.) ಕಚ್ಚಿದ್ದರಲ್ಲಿ ಹೆಚ್ಚಿನವು ಗಂಡು, ಶಸ್ತ್ರಚಿಕಿತ್ಸೆ ಆಗದವು, ಸರಪಳಿಯಲ್ಲಿ ಕಟ್ಟಿಹಾಕಿದವು. ಸರಪಳಿ ಅನ್ನೋ ಮಾತನ್ನು ಗಮನಿಸಿ.

ನಮ್ಮ ಬಡಾವಣೆಯ ಒಬ್ಬ ಹುಡುಗ, ಒಳ್ಳೇ ಹುಡುಗನೇ, ‘ಕೆ.ಜಿ.ಎಫ್.’ ನೋಡಿದ ಮತ್ತಿನಲ್ಲಿ ಒಂದು ರಾಟ್‌ವೀಲರ್ ಮರಿ ತಂದ. ಹೆಸರು ರಾಕಿ, ಇನ್ನೇನು! ಮೊದಲು ಎರಡು ತಿಂಗಳು ಬೀದಿ ಹುಡುಗರೆಲ್ಲ ಅದರ ಜೊತೆ ಫೋಟೋ ತೆಗೆಸಿಕೊಂಡರು. ಮರಿ ದೊಡ್ಡದಾಯಿತು, ಹುಡುಗನಿಗೆ ಕೆಲಸ ಸಿಕ್ಕಿತು. ರಾಕಿಗೆ ಮಹಡಿ ಮೆಟ್ಟಿಲ ಕೆಳಗೆ ಮೂರಡಿ ಸರಪಳಿ. ಬೆಳಗಿನಿಂದ ರಾತ್ರಿವರೆಗೆ ಅಲ್ಲೇ ಊಟ, ಅಲ್ಲೇ ಗಲೀಜು. ಹೋಗಿ ಬರೋ ಹುಡುಗರು ಗೇಟಿಗೆ ಕೋಲು ಬಡಿದು ಬೊಗಳಿಸಿ ಮಜಾ ತಗೊಳ್ಳೋರು. ‘ನೋಡ್ರೋ ಎಷ್ಟು ಡೇಂಜರು!’ ಅಂತ ಯಜಮಾನನಿಗೂ ಹೆಮ್ಮೆ. ಒಂದು ದಿನ ಪೇಪರ್ ಹಾಕೋ ಹುಡುಗ ಗೇಟಿನ ಒಳಗೆ ಕೈ ಇಟ್ಟ. ಹನ್ನೆರಡೋ ಹದಿಮೂರೋ ವಯಸ್ಸು. ಬಲಗೈ ಹರಿಯಿತು. ಅವನ ಅಮ್ಮ ಮೂರು ಮನೆ ಕೆಲಸ ಬಿಟ್ಟು ಮಗನನ್ನು ಕರೆದುಕೊಂಡು ಆಸ್ಪತ್ರೆಗೆ ಅಲೆದಳು. ಹುಡುಗ ಎಷ್ಟೋ ದಿನ ಎಡಗೈಯಲ್ಲಿ ಬರೆದ. ಅದೇ ವಾರ ರಾಕಿಯನ್ನು ಒಂದು ಟೆಂಪೋದಲ್ಲಿ ಹಾಕಿ ಎಲ್ಲಿಗೋ ಕಳಿಸಿದರು. ಎಲ್ಲಿಗೆ ಅಂತ ಯಾರೂ ಬಾಯಿ ಬಿಡಲಿಲ್ಲ. ‘ಆ ಜಾತಿಯೇ ಹಾಗೆ ಬಿಡಿ’ ಅಂದರು. ಸರಪಳಿ ಇನ್ನೂ ಮೆಟ್ಟಿಲ ಕೆಳಗೆ ಬಿದ್ದಿದೆ.

ಜಾತಿಯೇ ಹಾಗೆ! ಕನ್ನಡದಲ್ಲಿ ನಾವು ‘ಜಾತಿ ನಾಯಿ’ ಅಂತಲೇ ಅನ್ನೋದು ನೋಡಿ. ಉಳಿದದ್ದೆಲ್ಲ ‘ಕಂತ್ರಿ’. ಹುಟ್ಟು ನೋಡಿ ಗುಣ ಹೇಳುವ ಚಾಳಿಯನ್ನು ನಾಯಿಯವರೆಗೂ ತಂದಿದ್ದೇವೆ ಮಹಾಶಯರೇ.

ಇನ್ನು ದಾವಣಗೆರೆಯ ಮಿತ್ರರಿಗೆ ಉತ್ತರ. ಯಾವ ಜಾತಿ ಅಂತ ಆಮೇಲೆ ಕೇಳಿ ತಮ್ಮಾ, ಮೊದಲು ದಿನಕ್ಕೆ ಎರಡು ಹೊತ್ತು ಅದನ್ನು ಓಡಾಡಿಸೋಕ್ಕೆ ಪುರುಸೊತ್ತು ಇದೆಯೇ ನೋಡಿಕೊಳ್ಳಿ. ಮರಿಗೆ ಮೂರರಿಂದ ಹನ್ನೆರಡು-ಹದಿನಾಲ್ಕು ವಾರದವರೆಗಿನ ಕಾಲ ಬಹಳ ಮುಖ್ಯ. ಆಗ ಮಕ್ಕಳು, ಮುದುಕರು, ಹೆಲ್ಮೆಟ್ಟು ಹಾಕಿದವರು, ಸೈಕಲ್ಲು, ಪಟಾಕಿ ಸದ್ದು ಎಲ್ಲ ಮೆತ್ತಗೆ ಪರಿಚಯ ಆದರೆ ದೊಡ್ಡದಾದ ಮೇಲೆ ಹೆದರಿ ಎಗರುವುದು ಕಡಿಮೆ. ತಾಯಿನಾಯಿಯನ್ನು ತೋರಿಸದೆ ಮರಿ ಮಾರುವವನ ಹತ್ತಿರ ಹೋಗಲೇಬೇಡಿ. 2022ರ ‘777 ಚಾರ್ಲಿ’ ನೋಡಿ ಕಣ್ಣೀರು ಹಾಕಿದಿರಲ್ಲ, ದುಡ್ಡಿಗಾಗಿ ಮರಿ ಹಾಕಿಸುವವರ ಕೈಯಿಂದ ಬಂದ ನಾಯಿಯ ಗತಿ ಅದರಲ್ಲೇ ಇದೆ. 2003ರ ಮೊಬೈಲ್ ಜಾಹೀರಾತಿನಲ್ಲಿ ಹುಡುಗನ ಹಿಂದೆ ಓಡಿದ ಪಗ್ ನಾಯಿ ನೋಡಿ ಊರಿಗೆಲ್ಲ ಪಗ್ ಬಂತು. ಉಸಿರಾಡೋಕ್ಕೆ ಒದ್ದಾಡುವ ಆ ಚಪ್ಪಟೆ ಮೂಗಿನ ಕಷ್ಟ ಜಾಹೀರಾತಿನಲ್ಲಿ ಇರಲಿಲ್ಲ.

ಬೀದಿ ನಡುಗಲೇಬೇಕು ಅಂತಿದ್ದರೆ ಬುಲೆಟ್ ಬೈಕು ತಗೊಳ್ಳಿ. ಅದಕ್ಕೆ ಹಸಿವು ಇಲ್ಲ, ಬೇಸರ ಇಲ್ಲ.

ಅಂದ ಹಾಗೆ, ಜಾತಿ ನಾಯಿಯೇ ಕಚ್ಚಲಿ, ಕಂತ್ರಿಯೇ ಕಚ್ಚಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ, ಕೋರ್ಸು ಪೂರ್ತಿ ಮುಗಿಸಿ. ಅರಿಶಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಉಳಿಯುವುದು ಹೆಚ್ಚುಕಡಿಮೆ ಇಲ್ಲವೇ ಇಲ್ಲ.

ಮುಂದಿನ ವಾರ ತೆರೆಯ ಮೇಲಿನ ಕುದುರೆಗಳ ಸಮಾಚಾರ. ಕಾಗದ ಬರೆಯುತ್ತಿರಿ.